ರೈತನ ಮೈಗೂ ಆರೈಕೆ ಬೇಡವೇ?

ಎತ್ತಿನ ಹೆಗಲು ಬಾತರೆ ಕೂಡಲೇ ಉಪಚಾರ ಮಾಡುವ ರೈತ, ತನ್ನ ಹಿಮ್ಮಡಿ ಒಡೆದು ರಕ್ತ ಒಸರಿದರೂ ಗಮನಿಸುವುದಿಲ್ಲ. ಚರ್ಮದ ಆರೈಕೆಯೆಂದರೆ ಪಟ್ಟಣಿಗರ ಶೋಕಿ ಎಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಇದೆ. ಇನ್ನೊಂದೆಡೆ ತೆಂಗು, ಅರಿಸಿನ, ಲೋಳೆಸರ ಬೆಳೆಯುವ ಮನೆಗಳಿಗೇ ಅವುಗಳ ಹೆಸರು ಹೊತ್ತ ಮುಲಾಮಿನ ಡಬ್ಬಿಗಳು ದುಬಾರಿ ಬೆಲೆಗೆ ಬರುತ್ತಿವೆ. ಇವೆರಡೂ ಸರಿಯಲ್ಲ. ಚರ್ಮವನ್ನು ಕಾಯುವುದು ಡಬ್ಬಿಯಲ್ಲ, ದಿನನಿತ್ಯದ ಅಭ್ಯಾಸ.

60 ವರ್ಷ ದಾಟಿದವರು ತಮ್ಮ ಕತ್ತಿನ ಚರ್ಮವನ್ನೂ ತೋಳಿನ ಒಳಭಾಗದ ಚರ್ಮವನ್ನೂ ಹೋಲಿಸಿ ನೋಡಲಿ. ಎರಡಕ್ಕೂ ವಯಸ್ಸು ಒಂದೇ. ಆದರೂ ಕತ್ತು ಸುಕ್ಕುಗಟ್ಟಿ ಕಪ್ಪಾಗಿರುತ್ತದೆ, ಒಳತೋಳು ನಯವಾಗಿರುತ್ತದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಬಿಸಿಲು. ಆದುದರಿಂದ ಅಗಲ ಅಂಚಿನ ಟೋಪಿ ಅಥವಾ ಅಡಿಕೆ ಹಾಳೆಯ ಟೊಪ್ಪಿ ಮತ್ತು ತುಂಬುತೋಳಿನ ಅಂಗಿ ಯಾವ ಮುಲಾಮಿಗಿಂತಲೂ ಮೊದಲು ಬೇಕಾದವು. ನೆತ್ತಿಯ ಮೇಲೆ ಬಿಸಿಲಿರುವ ವೇಳೆಯಲ್ಲಿ ಸಾಧ್ಯವಾದಷ್ಟು ನೆರಳಿನ ಕೆಲಸ ಹಿಡಿಯುವುದು ಲೇಸು.

ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಅದರಲ್ಲಿನ ಎಣ್ಣೆಯಂಶವೂ ಕಡಿಮೆಯಾಗುತ್ತದೆ. ಚಳಿಗಾಲದಲ್ಲಿ ಮೊಣಕಾಲಿನ ಕೆಳಗೆ ತುರಿಕೆ ಬರುವುದು ಇದರಿಂದಲೇ. ಸುಡುನೀರೂ ಹೆಚ್ಚಿನ ಸೋಪೂ ಉಳಿದ ಎಣ್ಣೆಯನ್ನೂ ತೆಗೆದುಬಿಡುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಮಿಂದು, ಮೈ ಇನ್ನೂ ತುಸು ತೇವವಾಗಿರುವಾಗಲೇ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ನೀರಿನಂಶ ಚರ್ಮದಲ್ಲಿ ಉಳಿಯುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ಮಲಗುವಾಗ ಹಚ್ಚಬೇಕು. ಎಣ್ಣೆಗಾಲಿನಲ್ಲಿ ಓಡಾಡಬಾರದು, ವೃದ್ಧರು ಜಾರಿ ಬಿದ್ದರೆ ಮೂಳೆ ಮುರಿದೀತು. ಸಕ್ಕರೆ ಕಾಯಿಲೆಯವರು ಪ್ರತಿದಿನ ಅಂಗಾಲು, ಬೆರಳ ಸಂದಿಗಳನ್ನು ನೋಡಿಕೊಳ್ಳುವುದು ಅತ್ಯಗತ್ಯ.

ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎಂದು ಮಾತ್ರ ತಿಳಿಯಬಾರದು. ಗೇರುಸಿಪ್ಪೆಯ ಎಣ್ಣೆ ಮೈ ಸುಡುವುದನ್ನು ಕರಾವಳಿಯವರು ಬಲ್ಲರು. ಪಾರ್ಥೇನಿಯಂ ಕಳೆ ಅನೇಕರ ಮುಖ, ಕತ್ತುಗಳಲ್ಲಿ ವರ್ಷಾನುಗಟ್ಟಲೆ ಕಾಡುವ ತುರಿಕಜ್ಜಿ ತರುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು. ಲೋಳೆಸರವನ್ನು ಕೊಯ್ದಾಗ ಒಸರುವ ಹಳದಿ ರಸವೂ ಕೆಲವರಿಗೆ ಉರಿ ತರುತ್ತದೆ. ಅದು ಸೋರಿಹೋದ ಮೇಲೆ ಒಳಗಿನ ತಿಳಿ ಲೋಳೆಯನ್ನಷ್ಟೇ ಬಳಸಬೇಕು. ಯಾವುದನ್ನೇ ಆಗಲಿ ಮೊದಲು ಮುಂಗೈ ಒಳಬದಿಗೆ ತುಸು ಹಚ್ಚಿ, ಒಂದೆರಡು ದಿನ ಕಾದು ನೋಡುವುದು ಕ್ಷೇಮ.

ಇನ್ನೂ ದೊಡ್ಡ ಅಪಾಯ ಬೆಳ್ಳಗಾಗಿಸುವೆವೆಂದು ಮಾರುವ ಕೆಲವು ಮುಲಾಮುಗಳಲ್ಲಿದೆ. ಸ್ಟೀರಾಯ್ಡ್ ಬೆರೆತವುಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳಗಳು ಕಾಣತೊಡಗುತ್ತವೆ.

ಕೀಟನಾಶಕ ಸಿಂಪಡಿಸುವ ದಿನ ಮೈಗೆ ಎಣ್ಣೆ ಬೇಡ. ಅನೇಕ ಕೀಟನಾಶಕಗಳು ಎಣ್ಣೆಯಲ್ಲಿ ಕರಗುವಂಥವು, ಚರ್ಮದ ಮೂಲಕವೇ ದೇಹ ಸೇರುತ್ತವೆ. ಕೈಗವಸು, ತುಂಬುತೋಳಿನ ಅಂಗಿ ತೊಡಬೇಕು. ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಮನೆಯವರ ಬಟ್ಟೆಯಿಂದ ಬೇರೆಯಾಗಿಯೇ ಒಗೆಯಬೇಕು.

ವಾರಗಳಾದರೂ ಮಾಯದ ಹುಣ್ಣು, ಸ್ಪರ್ಶಜ್ಞಾನವಿಲ್ಲದ ಮಚ್ಚೆ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗತಕ್ಕದ್ದು. ಹೊಲದ ಬದುವಿಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನು ತನ್ನ ಮೈಗೆ ಕೊಟ್ಟರೂ ರೈತ ವೃದ್ಧಾಪ್ಯದಲ್ಲಿ ಸುಖವಾಗಿರಬಲ್ಲ.