ನಿಧಾನದ ಒಬ್ಬನಿಗಾಗಿ ಎಲ್ಲರನ್ನೂ ಯಾಕೆ ನಿಲ್ಲಿಸಬೇಕು?

ನೆಟ್‌ವರ್ಕ್ ಲ್ಯಾಬಿನ ಆ ಕ್ಲೈಂಟ್-ಸರ್ವರ್ ಪ್ರೋಗ್ರಾಂ ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಗೊತ್ತು. ನಾವಿನ್ನೂ ಸೆಕೆಂಡ್ ಇಯರ್, ಆದ್ರೂ ಸೀನಿಯರ್‌ಗಳ ರೆಕಾರ್ಡ್ ಬುಕ್ ಈಗಾಗಲೇ ನಮ್ಮ ಹಾಸ್ಟೆಲ್ ರೂಮಿಗೆ ಬಂದು ಕೂತಿದೆ. ಕ್ಲೈಂಟ್ ಒಂದು ಫೈಲಿನ ಹೆಸರು ಕಳಿಸುತ್ತೆ, ಸರ್ವರ್ ಆ ಫೈಲಿನಲ್ಲಿರೋದನ್ನ ವಾಪಸ್ ಕಳಿಸುತ್ತೆ, ಮೇಡಂ ಔಟ್‌ಪುಟ್ ನೋಡಿ ಸಹಿ ಹಾಕ್ತಾರೆ, ಮುಗೀತು. ಎರಡೂ ಒಂದೇ ಕಂಪ್ಯೂಟರಿನಲ್ಲಿ ಓಡುವುದರಿಂದ ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತೆ. ನಮ್ಮ ತಕರಾರು ಇರೋದು ಅಲ್ಲೇ. ನೆಟ್‌ವರ್ಕ್ ಪ್ರೋಗ್ರಾಂ ಅಂದ್ರೆ ಮುಕ್ಕಾಲು ಪಾಲು ಕಾಯುವ ಕೆಲಸ. ಹೇಗೆ ಕಾಯಬೇಕು ಅನ್ನೋದನ್ನ ಬಿಟ್ಟು ಉಳಿದದ್ದೆಲ್ಲ ಕಲೀತೀವಿ. ಸಿ ಭಾಷೆಯ ಒಂದೇ ಪ್ರೋಗ್ರಾಂ ಒಂದೇ ಹೊತ್ತಿಗೆ ನೂರಾರು ಕನೆಕ್ಷನ್‌ಗಳನ್ನ ಈವೆಂಟ್ ಲೂಪ್ ಇಟ್ಟುಕೊಂಡು ಸಂಭಾಳಿಸುವುದು ಲ್ಯಾಬಿನಲ್ಲೇ ಬರಬೇಕು. ಪ್ಲೇಸ್‌ಮೆಂಟ್ ಆದಮೇಲೆ ಕಂಪನಿಯವರು ಕಲಿಸ್ಕೊಳ್ಳಲಿ ಅಂತ ಬಿಡಬಾರದು.

ಇದೆಲ್ಲ ಬೆಂಗಳೂರಿನ ದೊಡ್ಡ ಕಂಪನಿಗಳ ವಿಷಯ ಅನ್ನೋರಿಗೆ ನಮ್ಮ ಕಡೆಯದೇ ಒಂದು ಉದಾಹರಣೆ ಕೊಡ್ತೀವಿ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ರೈತರು ಜಮೀನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ದೂರದಿಂದ ನೋಡಿದರೆ ಬರೀ ನೀಲಿ ಪ್ಯಾನೆಲ್‌ಗಳು. ಆದ್ರೆ ಯಾವ ದೊಡ್ಡ ಸೋಲಾರ್ ಪ್ಲಾಂಟ್ ತಗೊಂಡರೂ ಅಲ್ಲಿನ ಇನ್ವರ್ಟರ್, ಮೀಟರ್, ಬಿಸಿಲು ಅಳೆಯುವ ಉಪಕರಣ ಎಲ್ಲವೂ ನೆಟ್‌ವರ್ಕಿನಲ್ಲಿರುತ್ತವೆ, ಎಲ್ಲೋ ಒಂದು ಪ್ರೋಗ್ರಾಂ ಅವುಗಳ ಲೆಕ್ಕ ಕೇಳ್ತಾ ಇರುತ್ತೆ.

ಆ ಪ್ರೋಗ್ರಾಂ ಬರೆಯುವ ಕೆಲಸ ನಮಗೇ ಬಂತು ಅಂತಿಟ್ಕೊಳ್ಳಿ. 500 ಡೇಟಾ ಲಾಗರ್‌ಗಳು, ಒಂದೊಂದೂ ಉತ್ತರ ಕೊಡೋಕೆ 2 ಸೆಕೆಂಡ್. ಲ್ಯಾಬಿನ ರೀತಿಯಲ್ಲೇ ಒಂದಾದ ಮೇಲೊಂದು ಕೇಳಿದರೆ 1,000 ಸೆಕೆಂಡ್, ಹತ್ತಿರ ಹತ್ತಿರ 17 ನಿಮಿಷ. ಅದರಲ್ಲಿ 20 ಲಾಗರ್ ಕೆಟ್ಟು ಕೂತಿವೆ, ಟೈಮ್‌ಔಟ್ 30 ಸೆಕೆಂಡ್ ಇಟ್ಟಿದ್ದೀವಿ ಅಂದ್ರೆ ಒಟ್ಟು 26 ನಿಮಿಷ. ನಮ್ಮ ದೇಶದ ಗ್ರಿಡ್‌ನಲ್ಲಿ ವಿದ್ಯುತ್ತಿನ ಲೆಕ್ಕಾಚಾರ ನಡೆಯೋದು 15 ನಿಮಿಷದ ಬ್ಲಾಕ್‌ಗಳಲ್ಲಿ, ದಿನಕ್ಕೆ 96 ಬ್ಲಾಕ್. ನಮ್ಮ ಪ್ರೋಗ್ರಾಂ ಒಂದು ಸುತ್ತು ಮುಗಿಸುವಷ್ಟರಲ್ಲಿ ಒಂದು ಬ್ಲಾಕ್ ಕಳೆದು ಇನ್ನೊಂದು ಮುಗಿಯೋಕೆ ಬಂದಿರುತ್ತೆ. ಐನೂರನ್ನೂ ಒಟ್ಟಿಗೆ ಕೇಳಿ, ಯಾರು ಮೊದಲು ಉತ್ತರ ಕೊಟ್ರೆ ಅವರದನ್ನ ಮೊದಲು ತಗೊಂಡ್ರೆ? ಲೈನ್ ತಡೆದುಕೊಂಡರೆ 480 ಉತ್ತರ ಎರಡು ಮೂರು ಸೆಕೆಂಡಿನಲ್ಲಿ ಕೈಗೆ ಬರುತ್ತವೆ, ಕೆಟ್ಟವುಗಳ ಹಣೆಬರಹ 30 ಸೆಕೆಂಡಿಗೆ ಗೊತ್ತಾಗುತ್ತೆ.

ಒಂದೊಂದಕ್ಕೂ ಒಂದೊಂದು ಥ್ರೆಡ್ ಹಾಕಿದರಾಯ್ತಲ್ಲ ಅಂತ ಕೇಳ್ತೀರಿ. ಹಾಕಬಹುದು. 500 ಥ್ರೆಡ್‌ಗೆ ನಮ್ಮ ಲ್ಯಾಪ್‌ಟಾಪ್ ಹೆದರಲ್ಲ. ಲಿನಕ್ಸ್‌ನಲ್ಲಿ ಒಂದು ಥ್ರೆಡ್ಡಿಗೆ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಎತ್ತಿಡ್ತಾರೆ, ಅಷ್ಟೂ ರ್‍ಯಾಮ್ ತಿನ್ನಲ್ಲ ಅನ್ನೋದೂ ನಿಜ. ಆದ್ರೆ ಇಂಥ ಪ್ರೋಗ್ರಾಂ ಕೂರೋದು ಎಷ್ಟೋ ಸಲ ಕಂಬಕ್ಕೆ ಹೊಡೆದ ಡಬ್ಬಿಯೊಳಗಿನ ಪುಟ್ಟ ಬೋರ್ಡಿನಲ್ಲಿ. ಐನೂರು ಜನರನ್ನ ಸುಮ್ನೆ ಕಾಯೋಕೆ ನೇಮಿಸಿಕೊಂಡು, ಅವರೆಲ್ಲ ಒಂದೇ ರಿಜಿಸ್ಟರಿನಲ್ಲಿ ಬರೆಯುವಾಗ ಕಿತ್ತಾಡದ ಹಾಗೆ ಲಾಕ್ ಹಾಕ್ಕೊಂಡು ಕೂರೋದು ನಮಗಂತೂ ಜಾಣತನ ಅನ್ನಿಸಲ್ಲ.

ಬೋರ್‌ವೆಲ್ ಇರುವ ಮನೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೋ ಗೊತ್ತಿರಲ್ಲ. ರಾತ್ರಿ ಟಾರ್ಚ್ ಹಿಡ್ಕೊಂಡು ಗಂಟೆಗೊಂದು ಸಲ ಹೊಲಕ್ಕೆ ಹೋಗಿ ಕರೆಂಟ್ ಬಂತಾ ಅಂತ ನೋಡೋದು ಒಂದು ದಾರಿ. ಒಂದೊಂದು ಬೋರಿನ ಹತ್ತಿರ ಒಬ್ಬೊಬ್ಬರನ್ನ ಮಲಗಿಸೋದು ಇನ್ನೊಂದು, ಅದೇ ಥ್ರೆಡ್. ಈಗ ಸ್ಟಾರ್ಟರಿಗೆ ಸಿಮ್ ಹಾಕಿಸಿದ್ದಾರೆ, ಕರೆಂಟ್ ಬಂದ ಕೂಡಲೇ ಫೋನಿಗೆ ಕಾಲ್ ಬರುತ್ತೆ. ಐದು ಬೋರಿದ್ರೂ ಒಬ್ಬರೇ ಸಾಕು, ನಿದ್ದೆಯೂ ಆಗುತ್ತೆ. ಈವೆಂಟ್ ಅಂದ್ರೆ ಆ ಕಾಲ್. 1983ರ 4.2 ಬಿಎಸ್‌ಡಿಯಲ್ಲೇ ಬಂದ ಸೆಲೆಕ್ಟ್ ಕಾಲ್ ಬಂದ್ರೆ ಫೋನ್ ರಿಂಗ್ ಆಗುತ್ತೆ, ಯಾವ ಬೋರು ಅಂತ ತಿಳಿಯೋಕೆ ಮಾತ್ರ ಪಟ್ಟಿ ಪೂರ್ತಿ ತಿರುವಿ ಹಾಕಬೇಕು. ಲಿನಕ್ಸ್‌ನಲ್ಲಿ ಅದರ ಪಟ್ಟಿ 1,024ಕ್ಕೆ ನಿಲ್ಲುತ್ತೆ ಕೂಡ. 2002ರಲ್ಲಿ ಲಿನಕ್ಸ್ ಕರ್ನಲ್ಲಿಗೆ ಸೇರಿದ ಇ-ಪೋಲ್ ಹಾಗಲ್ಲ, ಎಚ್ಚರ ಆದ ಸಾಕೆಟ್‌ಗಳನ್ನಷ್ಟೇ ಎತ್ತಿ ಕೈಗೆ ಕೊಡುತ್ತೆ. (ನಾವು ಇಂಗ್ಲಿಷ್ ಮೀಡಿಯಂನವರು ‘ನಾನ್-ಬ್ಲಾಕಿಂಗ್’ ಅಂತ ಬಾಯಿಪಾಠ ಮಾಡಿ ಐದು ಮಾರ್ಕ್ಸ್ ತಗೋತೀವಿ. ಸ್ಟಾರ್ಟರ್ ಸಿಮ್ ನೋಡಿದವರು ಅದನ್ನ ಬಾಯಿಪಾಠ ಮಾಡಬೇಕಾಗಿಲ್ಲ.)

ಎಲ್ಲವನ್ನೂ ಸೊನ್ನೆಯಿಂದ ಬರೆಯಬೇಕಾಗಿಲ್ಲ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಬಿಡುಗಡೆ ಮಾಡಿದ ಕರ್ಲ್ ಕಮಾಂಡನ್ನ ನಾವೆಲ್ಲ ಟರ್ಮಿನಲ್ಲಿನಲ್ಲಿ ಹೊಡೆದಿದ್ದೀವಿ. ಅದರ ಹಿಂದಿರೋ ಲಿಬ್‌ಕರ್ಲ್ ಸಿ ಲೈಬ್ರರಿ. ಅದರಲ್ಲಿ ಮಲ್ಟಿ ಅನ್ನೋ ಭಾಗ ಇದೆ. ಬೇಕಾದಷ್ಟು ಟ್ರಾನ್ಸ್‌ಫರ್‌ಗಳನ್ನ ಒಂದು ಮಲ್ಟಿ ಹ್ಯಾಂಡಲ್‌ಗೆ ಸೇರಿಸಿ, ಎರಡು ಕಾಲ್‌ಬ್ಯಾಕ್ ಕೊಡಬೇಕು. ಒಂದರಿಂದ ಅದು ‘ಈ ಸಾಕೆಟ್ ಮೇಲೆ ಕಣ್ಣಿಡು’ ಅನ್ನುತ್ತೆ, ಇನ್ನೊಂದರಿಂದ ‘ಇಷ್ಟು ಹೊತ್ತಾದ ಮೇಲೆ ನನ್ನ ಎಬ್ಬಿಸು’ ಅನ್ನುತ್ತೆ. ನಾವು ಇ-ಪೋಲ್ ಹತ್ತಿರ ಕಾಯ್ತೀವಿ. ಸಾಕೆಟ್ ಎಚ್ಚರ ಆದ್ರೆ ಅಥವಾ ಹೊತ್ತು ಮೀರಿದ್ರೆ ಲಿಬ್‌ಕರ್ಲ್‌ಗೆ ತಿಳಿಸ್ತೀವಿ, ಮುಂದಿನದು ಅದರ ಪಾಲು. ಕಾಯುವ ಕೆಲಸ ನಮ್ಮ ಕೈಯಲ್ಲೇ ಇರೋದರಿಂದ ಅದೇ ಲೂಪಿನಲ್ಲಿ ಬೇರೆ ಕೆಲಸವನ್ನೂ ಸೇರಿಸಬಹುದು.

ನಮಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಟೈಮ್‌ಔಟ್. ಲಿಬ್‌ಕರ್ಲ್‌ನಲ್ಲಿ ನಾವು ಏನೂ ಹೇಳದೇ ಇದ್ದರೆ ಕನೆಕ್ಟ್ ಆಗೋಕೆ 300 ಸೆಕೆಂಡ್ ಕಾಯುತ್ತೆ, ಪೂರ್ತಿ ಟ್ರಾನ್ಸ್‌ಫರ್‌ಗೆ ಮಿತಿಯೇ ಇಲ್ಲ. ಅದನ್ನ ನೋಡಿ ಗಾಬರಿಯಾಗಿ ಎಲ್ಲದಕ್ಕೂ 10 ಸೆಕೆಂಡ್ ಅಂತ ಹಾಕಿಬಿಡೋರು ಇದ್ದಾರೆ. ಬೆಂಗಳೂರಿನ ಫೈಬರ್‌ನಲ್ಲಿ ಕೂತು ಬರೆದ ಆ 10, ಇಲ್ಲಿಗೆ ಬಂದಾಗ ಅನ್ಯಾಯ ಮಾಡುತ್ತೆ. ಸಿದ್ದರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಎಲ್ಲಿ ನೋಡಿದ್ರೂ ಬಂಡೆ. ಟವರಿಗೂ ಮೋಡೆಮ್ಮಿಗೂ ನಡುವೆ ಬಂಡೆ ಅಡ್ಡ ಬಂದ್ರೆ ಸಿಗ್ನಲ್ ಕುಗ್ಗುತ್ತೆ, ಡೇಟಾ ಹನಿ ಹನಿಯಾಗಿ ಬರುತ್ತೆ. ಬರ್ತಾ ಇರುತ್ತೆ ಅನ್ನೋದು ಮುಖ್ಯ. ನಿಧಾನ ಆಗಿರೋದು ಬೇರೆ, ಸತ್ತಿರೋದು ಬೇರೆ. ಲಿಬ್‌ಕರ್ಲ್‌ನಲ್ಲೇ ಈ ಎರಡನ್ನ ಬೇರೆ ಮಾಡೋಕೆ ಲೋ ಸ್ಪೀಡ್ ಲಿಮಿಟ್, ಲೋ ಸ್ಪೀಡ್ ಟೈಮ್ ಅನ್ನೋ ಜೋಡಿ ಇದೆ: ಇಷ್ಟು ಸೆಕೆಂಡ್ ಕಾಲ ಇಷ್ಟು ಬೈಟ್‌ಗಿಂತ ಕಡಿಮೆ ಬಂದರೆ ಮಾತ್ರ ಬಿಡು. ಒಂದೊಂದಾಗಿ ಕೇಳುವ ಪ್ರೋಗ್ರಾಮಿಗೆ ನಿಧಾನದವನ ಮೇಲೆ ತಾಳ್ಮೆ ತೋರಿಸುವ ಶಕ್ತಿಯೇ ಇರಲ್ಲ, ಯಾಕಂದ್ರೆ ಹಿಂದೆ 499 ಜನ ಕ್ಯೂ ನಿಂತಿರ್ತಾರೆ. ಈವೆಂಟ್ ಲೂಪಿಗೆ ಆ ಒತ್ತಡ ಇಲ್ಲ. ಬೆಟ್ಟದ ಹಿಂದಿನ ಲಾಗರ್ ನಾಲ್ಕು ನಿಮಿಷ ತಗೊಂಡರೂ ಮಿಕ್ಕವರಿಗೆ ಗೊತ್ತೂ ಆಗಲ್ಲ.

ಹಾಗಂತ ಇದು ಸುಲಭ ಅಂತ ನಾವು ಹೇಳಲ್ಲ. ಮೇಲಿಂದ ಕೆಳಗೆ ಓದಿಕೊಂಡು ಹೋಗಬಹುದಾಗಿದ್ದ ಕೋಡು ಕಾಲ್‌ಬ್ಯಾಕ್‌ಗಳಲ್ಲಿ ಚೂರುಚೂರಾಗುತ್ತೆ. ಯಾವ ಕನೆಕ್ಷನ್ ಎಲ್ಲಿಗೆ ಬಂತು ಅನ್ನೋದನ್ನ ಸ್ಟ್ರಕ್ಚರ್‌ನಲ್ಲಿ ನಾವೇ ಬರೆದಿಟ್ಕೋಬೇಕು. ಲೂಪಿನೊಳಗೆ ಒಂದೇ ಒಂದು ಕಾಯುವ ಕಾಲ್ ನುಸುಳಿದ್ರೂ ಎಲ್ಲಾ ನಿಲ್ಲುತ್ತೆ. ಹೆಸರಿನಿಂದ ಐಪಿ ಹುಡುಕುವ ಗೆಟ್-ಆಡ್ರ್‌-ಇನ್ಫೋ ಅಂಥದ್ದೇ, ಅದಕ್ಕೇ ಲಿಬ್‌ಕರ್ಲ್ ಆ ಕೆಲಸವನ್ನ ಬೇರೆ ಥ್ರೆಡ್ಡಿಗೋ ಸಿ-ಏರ್ಸ್ ಲೈಬ್ರರಿಗೋ ವಹಿಸುತ್ತೆ. ಡಿಸ್ಕಿನ ಮಾಮೂಲಿ ಫೈಲನ್ನ ಇ-ಪೋಲ್ ಒಳಗೇ ಬಿಟ್ಟುಕೊಳ್ಳಲ್ಲ, ಎರರ್ ಕೊಟ್ಟು ಕಳಿಸುತ್ತೆ. ಲೆಕ್ಕ ಹಾಕುವ ಭಾರಿ ಕೆಲಸ ಇದ್ದರೆ ಥ್ರೆಡ್ ಬೇಕೇ ಬೇಕು.

‘ಪೈಥಾನ್‌ನಲ್ಲಿ ಅಸಿಂಕ್ ಅಂತ ಬರೆದ್ರೆ ಮುಗೀತಲ್ವಾ ಗುರು, ಸಿ ಯಾಕೆ’ ಅಂತ ಪಕ್ಕದ ರೂಮಿನವರು ಕೇಳ್ತಾರೆ. ಕೆಲಸಕ್ಕೆ ಪೈಥಾನ್ ಬಳಸಿ, ನಮ್ಮದೇನೂ ಅಡ್ಡಿ ಇಲ್ಲ. ಆದ್ರೆ ಲಿನಕ್ಸ್‌ನಲ್ಲಿ ಆ ಅಸಿಂಕ್ ಕೆಳಗೆ ಕೂತು ಕಾಯ್ತಿರೋದು ಇದೇ ಇ-ಪೋಲ್. ನೋಡ್ ಜೆಎಸ್ ಕೆಳಗಿನ ಲಿಬ್‌ಯುವಿ, ರೆಡಿಸ್, ಎಂಜಿನ್‌ಎಕ್ಸ್ ಎಲ್ಲವೂ ಸಿನಲ್ಲಿ ಬರೆದ ಈವೆಂಟ್ ಲೂಪ್‌ಗಳೇ.

ಲ್ಯಾಬಿಗೆ ಹೊಸ ಸಾಮಾನು ಏನೂ ಬೇಡ. ಲಿನಕ್ಸ್‌ನ ಟಿಸಿ ಕಮಾಂಡಿನಲ್ಲಿ ನೆಟೆಮ್ ಅಂತ ಒಂದಿದೆ, ಒಂದೇ ಕಂಪ್ಯೂಟರಿನೊಳಗಿನ ಕನೆಕ್ಷನ್‌ಗೂ 800 ಮಿಲಿಸೆಕೆಂಡ್ ತಡ, ನೂರಕ್ಕೆ ಹತ್ತು ಪ್ಯಾಕೆಟ್ ನಷ್ಟ ಅಂತ ಹಾಕಬಹುದು. ಅದನ್ನ ಹಾಕಿ, ಐವತ್ತು ಸರ್ವರ್ ಓಡಿಸಿ, ಮೂರನ್ನ ಬೇಕಂತಲೇ ಉತ್ತರ ಕೊಡದ ಹಾಗೆ ಮಾಡಿ, ಎಲ್ಲದರಿಂದಲೂ ಫೈಲ್ ತರುವ ಪ್ರೋಗ್ರಾಂ ಬರೆಸಲಿ. ವೈವಾದಲ್ಲಿ ಟಿಸಿಪಿಯ ಫುಲ್ ಫಾರ್ಮ್ ಕೇಳೋ ಬದಲು, ಆ ಮೂರು ಸತ್ತಿವೆ ಅಂತ ನಿಮ್ಮ ಪ್ರೋಗ್ರಾಂ ಯಾವಾಗ ತೀರ್ಮಾನ ಮಾಡ್ತು, ಅಷ್ಟರಲ್ಲಿ ಮಿಕ್ಕ 47 ಏನ್ ಮಾಡ್ತಿದ್ವು ಅಂತ ಕೇಳಲಿ.