ಶಾಲೆ ಮುಗಿದ ಮೇಲೆ ಅವರು ಎಲ್ಲಿಗೆ ಹೋಗಬೇಕು?

ಕೃಷ್ಣಾ ತುಂಗಭದ್ರೆಯರ ನಡುವಣ ಈ ಎಡೆದೊರೆ ನಾಡಿನಲ್ಲಿ ಹತ್ತಿ ಬಿಡಿಸುವ ಕಾಲ ಬಂತೆಂದರೆ ಯಾಪಲದಿನ್ನಿಯಂತಹ ಊರುಗಳ ಓಣಿಗಳು ಮುಂಜಾನೆಯೇ ಬರಿದಾಗುತ್ತವೆ. ಆದರೆ ಎಲ್ಲ ತಾಯಂದಿರೂ ಹೊಲಕ್ಕೆ ಹೋಗಲಾರರು. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮೂವತ್ತು ವರ್ಷದ ಮಗನಿಗೆ ಉಣಿಸಿ, ಅವನು ರಸ್ತೆಗಿಳಿಯದಂತೆ ಕಾದು ಕುಳಿತ ತಾಯಿಗೆ ಕೂಲಿಯೂ ಇಲ್ಲ, ಬಿಡುವೂ ಇಲ್ಲ. ಆ ಮಗನಿಗಾದರೋ ಕಟ್ಟೆಯ ಮೇಲೆ ಕುಳಿತು ಹೊತ್ತು ಕಳೆಯುವುದೇ ಬದುಕು.

ಬಾಲ್ಯದಲ್ಲಿ ಅವನಿಗೆ ಶಾಲೆಯೆಂಬುದೊಂದಿತ್ತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯ್ದೆಯು ನೀಡಿದೆ. ಆದರೆ 18 ತುಂಬಿದ ಮೇಲೆ ಹೋಗಿ ಕೂಡಲು, ಕಲಿಯಲು, ದುಡಿಯಲು ಹಳ್ಳಿಯಲ್ಲಿ ಅವನಿಗೊಂದು ನೆಲೆ ದೊರಕುವುದು ದುರ್ಲಭ.

ಸರ್ಕಾರ ಈ ಬಗ್ಗೆ ಯೋಚಿಸಿಯೇ ಇಲ್ಲವೆನ್ನಲಾಗದು. 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯರಿಗಾಗಿ ರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಯಿತು. 1999ರ ಕಾಯ್ದೆಯಿಂದ ನ್ಯಾಷನಲ್ ಟ್ರಸ್ಟ್ ಜನ್ಮ ತಾಳಿತು. ಅದು ರೂಪಿಸಿದ ‘ವಿಕಾಸ’ ಯೋಜನೆಯು 10 ವರ್ಷ ಮೀರಿದವರಿಗೆ ದಿನಕ್ಕೆ ಕನಿಷ್ಠ 6 ಗಂಟೆಗಳ ಹಗಲು ಪಾಲನೆಯನ್ನು ಉದ್ದೇಶಿಸಿತು. ಆಲೋಚನೆ ಯುಕ್ತವಾದುದೇ. ಆದರೆ ಇಂತಹ ಕೇಂದ್ರವು ನಗರದಲ್ಲಿದ್ದರೆ, ದಿನವೂ ಬಸ್ಸು ಹತ್ತಿ ರಾಯಚೂರಿಗೆ ಹೋಗಿಬರುವುದು ಕೂಲಿಯ ಮನೆಯವರಿಗೆ ಸಾಧ್ಯವಾದ ಮಾತಲ್ಲ.

ಆದ್ದರಿಂದ ಹೋಬಳಿಗೊಂದು ಹಗಲು ಕೇಂದ್ರ ಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಭವ್ಯ ಕಟ್ಟಡವೇನೂ ಬೇಡ. ಗಾಳಿ ಬೆಳಕಿರುವ ಒಂದು ಕೋಣೆ, ಶೌಚಾಲಯ, ಮಧ್ಯಾಹ್ನದ ಊಟ, ತರಬೇತಿ ಹೊಂದಿದ ಒಬ್ಬ ಕಾರ್ಯಕರ್ತೆ, ಜೊತೆಗೊಬ್ಬ ಸಹಾಯಕರಿದ್ದರೆ ಸಾಕು. ಬತ್ತಿ ಹೊಸೆಯುವುದು, ಶೇಂಗಾ ಸುಲಿಯುವುದು, ಸಸಿಗಳಿಗೆ ನೀರೆರೆಯುವುದು ನಮ್ಮ ನೆಲದ ಕೆಲಸಗಳೇ ಆಗಿವೆ. ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ವಿಂಗಡಿಸಿ, ಬೇಸರಿಸದೆ ಮತ್ತೆ ಮತ್ತೆ ಮಾಡಿಸಿದರೆ ಇಂತಹವರಲ್ಲಿ ಅನೇಕರು ಕಲಿಯಬಲ್ಲರು. ಆದರೆ ಕಲಿತು ದುಡಿದುದಕ್ಕೆ ನ್ಯಾಯವಾದ ಪ್ರತಿಫಲ ಸಲ್ಲಲೇಬೇಕು.

ಹಣವೆಲ್ಲಿಂದ ಎಂದು ಕೇಳಬಹುದು. ಗ್ರಾಮ ಪಂಚಾಯತಿಗಳು ಸ್ವಂತ ಸಂಪನ್ಮೂಲದ ಶೇಕಡಾ 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮವುಂಟು. ನಾಲ್ಕಾರು ಪಂಚಾಯತಿಗಳು ಕೂಡಿ ಮುಂದಾದರೆ, ದಾನಿಗಳು ಕೈಜೋಡಿಸಿದರೆ ಆರಂಭಕ್ಕೆ ಅಡ್ಡಿಯಿಲ್ಲ. ನಡೆಯಲಾರದವರಿಗೆ ತ್ರಿಚಕ್ರ ವಾಹನ ಕೊಡುವುದು ಒಳ್ಳೆಯದೇ, ಅದು ಒಂದು ಸಮಾರಂಭದಲ್ಲಿ ಮುಗಿಯುವ ಕಾರ್ಯ. ಇವರಿಗಾದರೋ ಬೇಕಾದುದು ದಿನನಿತ್ಯದ ಒಡನಾಟ.

ತಾಯಿಯಿರುವಾಗ ಕೇಂದ್ರವೇಕೆ ಎನ್ನುವವರೂ ಉಂಟು. “ನಾ ಹೋದ ಮ್ಯಾಲ ಇವನ್ನ ಯಾರು ನೋಡ್ತಾರ್ರಿ?” ಎಂದು ಕೇಳುವ ತಾಯಿಗೆ ಅವರೇ ಉತ್ತರ ಹೇಳಲಿ. ಹತ್ತು ಜನರೊಡನೆ ಬೆರೆತು, ಕೈಲಾದುದನ್ನು ತಾನೇ ಮಾಡಿಕೊಳ್ಳಲು ಕಲಿತವನು ಆ ದಿನವನ್ನು ಎದುರಿಸಬಲ್ಲನು. ಕಾಯಕದ ಹಿರಿಮೆಯನ್ನು ಬೋಧಿಸುವ ನಾವು ಇವರ ಕೈಗಳನ್ನು ಬರಿದೇ ಇರಗೊಡುವುದು ಸಲ್ಲದು.

ಈ ಸಂಚಿಕೆಯನ್ನೋದುವ ಹಳೆಯ ವಿದ್ಯಾರ್ಥಿಗಳು ತಂತಮ್ಮ ಓಣಿಗಳಲ್ಲಿ ಇಂತಹ ವಯಸ್ಕರು ಎಷ್ಟು ಮಂದಿಯಿರುವರೆಂದು ಮನೆಯವರ ಒಪ್ಪಿಗೆ ಪಡೆದು ಪಟ್ಟಿ ಮಾಡಿ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಪಂಚಾಯತಿಗೆ ಸಲ್ಲಿಸಲಿ. ಈ ಕಾರ್ಯ ಮುಂದಿನ ಗ್ರಾಮಸಭೆಗೆ ಮೊದಲೇ ಆಗಲೆಂದು ಪ್ರಾರ್ಥಿಸುತ್ತೇನೆ.