ಯಡಿಯೂರಿನಿಂದ ಚಿಕಿತ್ಸೆಗೆ ಎಷ್ಟು ದೂರ?

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಯಡಿಯೂರು ನಾಡಿಗೆ ಪರಿಚಿತವಾಗಿರುವುದು ಸಿದ್ಧಲಿಂಗೇಶ್ವರರ ಗದ್ದುಗೆಯಿಂದ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿರುವ ಈ ಊರಿಗೆ 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗವೂ ದೊರೆಯಿತು. ಸಂಪರ್ಕದ ದೃಷ್ಟಿಯಿಂದ ಇದು ಹಿಂದುಳಿದ ಪ್ರದೇಶವಲ್ಲ. ಆದರೂ ಶಬ್ದ, ಬೆಳಕು, ಸ್ಪರ್ಶಗಳನ್ನು ಇತರ ಮಕ್ಕಳಂತೆ ತಾಳಿಕೊಳ್ಳಲಾರದ ಮಗುವೊಂದು ಇಲ್ಲಿನ ಮನೆಯಲ್ಲಿದ್ದರೆ, ಆ ಮನೆಯವರು ಚಿಕಿತ್ಸೆಯ ದೂರವನ್ನು ಕಿಲೋಮೀಟರುಗಳಲ್ಲಿ ಅಳೆಯುವುದಿಲ್ಲ. ಕಳೆದುಹೋದ ದಿನಗಳಲ್ಲಿ ಅಳೆಯುತ್ತಾರೆ.

ಇಂತಹ ಮಗುವಿಗೆ ಮಿಕ್ಸರ್‌ನ ಸದ್ದು ಕಿವಿಗೆ ಇರಿದಂತಾಗಬಹುದು. ಕೂದಲು ಕತ್ತರಿಸುವುದು, ಉಗುರು ತೆಗೆಯುವುದು, ಸಮವಸ್ತ್ರದ ಹೊಲಿಗೆಯೊಂದು ಕತ್ತಿಗೆ ತಾಗುವುದು ಸಹ ಅಸಹನೀಯವಾಗಬಹುದು. ಇನ್ನು ಕೆಲವು ಮಕ್ಕಳು ಇದಕ್ಕೆ ವಿರುದ್ಧ. ಸಂವೇದನೆ ಸಾಲದೆಂಬಂತೆ ಸುತ್ತುತ್ತಲೇ, ಜಿಗಿಯುತ್ತಲೇ ಇರುತ್ತಾರೆ. ಜಾತ್ರೆಯ ತಮಟೆ, ಪಟಾಕಿ, ಧ್ವನಿವರ್ಧಕಗಳ ನಡುವೆ ಮಗು ನೆಲಕ್ಕೆ ಬಿದ್ದು ಚೀರಿದರೆ ಸುತ್ತಲಿನವರಿಗೆ ಕಾಣುವುದು ಹಟ ಮಾತ್ರ. ‘ಮುದ್ದು ಹೆಚ್ಚಾಯಿತು’ ಎಂಬ ತೀರ್ಪು ತಾಯಿಯ ಮೇಲೆ ಬೀಳುತ್ತದೆ.

ಹೆಸರಿಲ್ಲದ ತೊಂದರೆ

ಮಿದುಳು ಇಂದ್ರಿಯಗಳಿಂದ ಬರುವ ಸಂದೇಶಗಳನ್ನು ಹೊಂದಿಸಿಕೊಳ್ಳುವಲ್ಲಿ ಎಡವಬಹುದೆಂಬ ವಾದವನ್ನು ಮುಂದಿಟ್ಟವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. ಉಯ್ಯಾಲೆ, ಚೆಂಡು, ಒತ್ತಡ ನೀಡುವ ಆಟಗಳ ಮೂಲಕ ಮಗುವನ್ನು ಪಳಗಿಸುವ ಇಂದಿನ ಥೆರಪಿ ಕೊಠಡಿಗಳಿಗೆ ಅವರ ಚಿಂತನೆಯೇ ಬುನಾದಿ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಸಂವೇದನೆಯ ಅತಿರೇಕ ಅಥವಾ ಕೊರತೆಯನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಆದರೆ ಅದನ್ನು ಪ್ರತ್ಯೇಕ ಕಾಯಿಲೆಯೆಂದು ಒಪ್ಪಲಿಲ್ಲ.

ಈ ತಾಂತ್ರಿಕ ವ್ಯತ್ಯಾಸದ ಪರಿಣಾಮ ಹಳ್ಳಿಯ ಮನೆಯವರೆಗೂ ಮುಟ್ಟುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದು, ಆಟಿಸಂ ಅವುಗಳಲ್ಲೊಂದು. ಸಂವೇದನೆಯ ತೊಂದರೆಯೊಂದೇ ಇರುವ ಮಗುವಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಆಟಿಸಂ ಇದ್ದರೂ ಪ್ರಮುಖ ಸೌಲಭ್ಯಗಳಿಗೆ ಪ್ರಮಾಣಪತ್ರದಲ್ಲಿ ಕನಿಷ್ಠ ಶೇ. 40ರಷ್ಟು ವೈಕಲ್ಯ ದಾಖಲಾಗಿರಬೇಕು. ತೊಂದರೆ ಪ್ರತಿದಿನದ್ದಾದರೂ ಕಾಗದದ ಮೇಲೆ ಅದು ಇಲ್ಲವೇ ಇಲ್ಲ ಎಂಬ ಸ್ಥಿತಿ ಎಷ್ಟೋ ಕುಟುಂಬಗಳದು.

ಒಂದು ಭೇಟಿಗೆ ಒಂದು ದಿನ

ಯಡಿಯೂರಿನಿಂದ ತಾಲ್ಲೂಕು ಕೇಂದ್ರ ಕುಣಿಗಲ್ ಸುಮಾರು 20 ಕಿ.ಮೀ., ಜಿಲ್ಲಾ ಕೇಂದ್ರ ತುಮಕೂರು ಸುಮಾರು 50 ಕಿ.ಮೀ., ಬೆಂಗಳೂರು ಸುಮಾರು 95 ಕಿ.ಮೀ. ದೂರದಲ್ಲಿವೆ. ಮಕ್ಕಳ ಮನೋವೈದ್ಯಕ್ಕೆ ಹೆಸರಾದ ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲಿ. ಮಾತು ಮತ್ತು ಶ್ರವಣದ ಪರೀಕ್ಷೆಗೆ ಹೆಸರಾದ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನಲ್ಲಿ. ಎರಡೂ ರಾಜ್ಯದ ಹೆಮ್ಮೆಯ ಸಂಸ್ಥೆಗಳೇ. ಆದರೆ ಥೆರಪಿ ಒಮ್ಮೆ ಹೋಗಿ ಮುಗಿಸಿ ಬರುವ ಶಸ್ತ್ರಚಿಕಿತ್ಸೆಯಲ್ಲ. ವಾರಕ್ಕೆ ಒಂದೆರಡು ಬಾರಿಯಂತೆ ತಿಂಗಳುಗಟ್ಟಲೆ ನಡೆಯಬೇಕಾದದ್ದು.

ಮುಕ್ಕಾಲು ಗಂಟೆಯ ಒಂದು ಭೇಟಿಗಾಗಿ ಮುಂಜಾನೆ ಹೊರಟು ಸಂಜೆ ಮರಳುವುದೆಂದರೆ ಒಂದು ದಿನದ ಕೂಲಿ, ಮಗುವಿನ ಒಂದು ದಿನದ ಶಾಲೆ ಹಾಗೂ ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಆರೈಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾರ್ನ್, ನೂಕುನುಗ್ಗಲು, ಡೀಸೆಲ್ ವಾಸನೆಗಳ ನಡುವೆ ಬಂದ ಮಗು ಥೆರಪಿ ಕೊಠಡಿ ತಲುಪುವ ಮುನ್ನವೇ ಸೋತುಹೋಗಿರುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ತಾಯಿಯ ಬಸ್ ಖರ್ಚು ಉಳಿದಿದೆ. ಅಂಗವಿಕಲರ ಗುರುತಿನ ಚೀಟಿ ಇದ್ದವರಿಗೆ ಕೆಎಸ್‌ಆರ್‌ಟಿಸಿ ವಾಸಸ್ಥಳದಿಂದ 100 ಕಿ.ಮೀ.ವರೆಗೆ ರಿಯಾಯಿತಿ ಪಾಸನ್ನೂ ನೀಡುತ್ತದೆ. ಟಿಕೆಟ್ಟಿನ ಹಣ ಉಳಿಯಿತು, ಸರಿ. ಕೂಲಿ ಉಳಿಯಲಿಲ್ಲ. ಗಾರ್ಮೆಂಟ್ಸ್ ಕಾರ್ಖಾನೆಗೋ ಹೊಲದ ಕೆಲಸಕ್ಕೋ ಹೋಗುವ ತಾಯಿ ವಾರಕ್ಕೆರಡು ರಜೆ ಕೇಳುವ ಬದಲು ಕೆಲಸವನ್ನೇ ಬಿಡುವುದು ಅಥವಾ ಥೆರಪಿಯನ್ನೇ ಬಿಡುವುದು ಅನಿವಾರ್ಯವಾಗುತ್ತದೆ.

ತಪಾಸಣೆಯಾದ ಮೇಲೆ ಮುಂದೇನು?

ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನಲಾಗದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ಬೆಳವಣಿಗೆಯ ಕುಂಠಿತವೂ ಅವು ಪರೀಕ್ಷಿಸುವ ತೊಂದರೆಗಳಲ್ಲೊಂದು. ಗುರುತಿಸಿದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುವುದು ಕಾರ್ಯಕ್ರಮದ ಆಶಯ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯು ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂ.ವರೆಗಿನ ರಕ್ಷಣೆ ನೀಡುತ್ತದೆ. ಥೆರಪಿಯ ವೆಚ್ಚವೂ ಮಿತಿಯೊಳಗೆ ಅದರಲ್ಲಿ ಸೇರಿದೆ.

ಅಗತ್ಯದ ಪ್ರಮಾಣವಾದರೂ ಸಣ್ಣದಲ್ಲ. ದೇಶದ ಐದು ಕಡೆ 2ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸುಮಾರು ಎಂಟರಲ್ಲಿ ಒಂದು ಮಗುವಿಗೆ ಯಾವುದಾದರೊಂದು ನರ-ಬೆಳವಣಿಗೆಯ ತೊಂದರೆಯಿದೆ ಎಂದು ಅಂದಾಜಿಸಿತು. ಇಷ್ಟು ಮಕ್ಕಳಿಗೆ ಜಿಲ್ಲೆಗೊಂದು ಕೇಂದ್ರ ಸಾಲದು. ಎಷ್ಟು ಮಕ್ಕಳನ್ನು ಪರೀಕ್ಷಿಸಲಾಯಿತು ಎಂಬುದಕ್ಕಿಂತ, ಶಿಫಾರಸಾದವರಲ್ಲಿ ಎಷ್ಟು ಮಂದಿ ಆರು ತಿಂಗಳ ನಂತರವೂ ಬರುತ್ತಿದ್ದಾರೆ ಎಂಬುದೇ ಯಶಸ್ಸಿನ ನಿಜವಾದ ಮಾನದಂಡವಾಗಬೇಕು.

ಮನೆಯೇ ಪಾಠಶಾಲೆ

ಹಾಗಾದರೆ ಹೋಬಳಿಗೊಂದು ಥೆರಪಿ ಕೇಂದ್ರ ತೆರೆಯಬೇಕೇ? ವಿಜ್ಞಾನ ನೀಡುವ ಉತ್ತರ ಬೇರೆಯದು. ಸಂವೇದನಾ ಥೆರಪಿಯ ಪುರಾವೆ ಸೀಮಿತವೆಂಬುದನ್ನು ಪೋಷಕರಿಗೆ ತಿಳಿಸಬೇಕೆಂದು ಅಮೆರಿಕದ ಮಕ್ಕಳ ತಜ್ಞರ ಸಂಘ 2012ರಲ್ಲೇ ಹೇಳಿತ್ತು. ಬ್ರಿಟನ್ನಿನಲ್ಲಿ ಆಟಿಸಂ ಇರುವ 138 ಮಕ್ಕಳನ್ನೊಳಗೊಂಡು ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಥೆರಪಿ ಪಡೆದ ಮಕ್ಕಳ ವರ್ತನೆ ಸಾಮಾನ್ಯ ಆರೈಕೆ ಪಡೆದವರಿಗಿಂತ ಗಮನಾರ್ಹವಾಗಿ ಸುಧಾರಿಸಲಿಲ್ಲ. ಮನೆಯವರೇ ಗೊತ್ತುಪಡಿಸಿದ ದಿನನಿತ್ಯದ ಗುರಿಗಳಲ್ಲಿ ಮಾತ್ರ ಪ್ರಗತಿ ಕಂಡಿತು.

ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇನ್ನಷ್ಟು ಪ್ರಸ್ತುತ. ಅಲ್ಲಿ ತಜ್ಞರಲ್ಲದ, ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತರು ಆಟಿಸಂ ಇರುವ ಮಕ್ಕಳ ಪೋಷಕರಿಗೆ ಮಗುವಿನೊಡನೆ ಒಡನಾಡುವ ಬಗೆಯನ್ನು ಕಲಿಸಿದರು. ಪೋಷಕರ ಸ್ಪಂದನೆಯೂ ಮಕ್ಕಳ ಸಂವಹನವೂ ಸುಧಾರಿಸಿದವು. ಅದು ಸಂವೇದನೆಯ ತೊಂದರೆಗೆಂದೇ ನಡೆದ ಪ್ರಯೋಗವಲ್ಲ ನಿಜ. ಆದರೆ ತರಬೇತಿ ಊರಿಗೆ ಬರಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಕುಣಿಗಲ್‌ನ ತಾಲ್ಲೂಕು ಆಸ್ಪತ್ರೆಗೆ ಥೆರಪಿಸ್ಟ್ ಒಬ್ಬರು ನಿಗದಿತ ದಿನಗಳಂದು ಬರುವಂತಾದರೆ, ಮಧ್ಯದ ವಾರಗಳಲ್ಲಿ ದೂರವಾಣಿಯ ಮೂಲಕ ಮಾರ್ಗದರ್ಶನ ದೊರೆತರೆ, ಅಂಗನವಾಡಿ ಕಾರ್ಯಕರ್ತೆಗೂ ಶಾಲೆಯ ಸಂಪನ್ಮೂಲ ಶಿಕ್ಷಕರಿಗೂ ಅದೇ ತರಬೇತಿ ಸಿಕ್ಕರೆ ಬಹುಪಾಲು ಪ್ರಯಾಣ ತಪ್ಪುತ್ತದೆ. ತರಗತಿಯ ಮೂಲೆಯಲ್ಲೊಂದು ಶಾಂತ ಸ್ಥಳ, ಗಂಟೆ ಬಾರಿಸುವ ಮುನ್ನ ಮಗುವಿಗೊಂದು ಸೂಚನೆ, ಯಡಿಯೂರಿನಂಥ ಕ್ಷೇತ್ರದಲ್ಲಿ ಧ್ವನಿವರ್ಧಕವಿಲ್ಲದ ಒಂದು ಗಂಟೆಯ ದರ್ಶನ, ಇವಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ.

ತಜ್ಞರ ಪರೀಕ್ಷೆಗೆ, ವಿಶೇಷವಾಗಿ ಕಿವಿಯ ತಪಾಸಣೆಗೆ, ನಗರಕ್ಕೆ ಹೋಗುವುದು ಆಗಲೂ ಅಗತ್ಯವೇ. ಆದರೆ ಅದು ವರ್ಷಕ್ಕೆ ಕೆಲವು ಬಾರಿಯ ಪ್ರಯಾಣವಾಗಬೇಕೇ ಹೊರತು ಒಂದು ಕುಟುಂಬದ ಬದುಕಾಗಬಾರದು. ಮಿದುಳು ಅತಿ ಬೇಗ ಕಲಿಯುವ ಮೊದಲ ವರ್ಷಗಳು ಬಸ್ ನಿಲ್ದಾಣಗಳಲ್ಲಿ ಕಳೆದುಹೋದರೆ, ಅವನ್ನು ಮರಳಿ ಕೊಡುವ ಯೋಜನೆ ಯಾವ ಸರ್ಕಾರದ ಬಳಿಯೂ ಇಲ್ಲ.